ತುಕ್ಕು ಹಿಡಿಯದ ಬ್ರೇಕು

ನಾನು ಸಕಲೇಶಪುರದಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದ ವರ್ಷಗಳಲ್ಲಿ, ಮಂಗಳೂರಿನ ಕಡೆಗೆ ಘಾಟಿ ಇಳಿಯುವ ಲಾರಿಗಳಲ್ಲಿ ಹೆಚ್ಚಿನವು ಒಂದು ಗ್ಯಾರೇಜಿನ ಮುಂದೆ ನಿಂತು ಹೋಗುತ್ತಿದ್ದವು. ಊರು ದಾಟಿ ದೋಣಿಗಾಲ್ ಕಡೆಗೆ ಹೊರಟರೆ ಎಡಗಡೆ ಸಿಗುತ್ತಿದ್ದ ತಗಡಿನ ಷೆಡ್ಡು ಅದು. ಬೋರ್ಡ್ ಇರಲಿಲ್ಲ. ಅಲ್ಲಿನ ಮೆಕ್ಯಾನಿಕ್ಕನ್ನು ಲಾರಿಯವರೆಲ್ಲ ಬ್ರೇಕ್ ಭಾಯ್ ಎಂದು ಕರೆಯುತ್ತಿದ್ದರು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಎಂಜಿನ್ನಿನ ಕೆಲಸ, ಗೇರ್ ಬಾಕ್ಸಿನ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸುತ್ತಿದ್ದರು. ತಾವು ಮಾಡುತ್ತಿದ್ದದ್ದು ಬ್ರೇಕು ಒಂದೇ.

ಆ ಗ್ಯಾರೇಜು ಈಗ ಇಲ್ಲ. ಅದು ಮುಚ್ಚಿಹೋದದ್ದರಲ್ಲಿ ನಾನು ಬರೆದ ನಾಲ್ಕು ವಾಕ್ಯಗಳ ಪಾಲಿದೆ. ಆ ನಾಲ್ಕರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಅವುಗಳ ಜೊತೆಗೆ ಇರಬೇಕಾಗಿದ್ದ ಉಳಿದ ವಾಕ್ಯಗಳನ್ನೂ ಬರೆದಿಡಬೇಕೆನಿಸಿದೆ.

ಭಾಯ್ ಅವರದೊಂದು ಪದ್ಧತಿ ಇತ್ತು. ಯಾವ ಗಾಡಿಗೆ ಬ್ರೇಕ್ ಕೆಲಸ ಮಾಡಿದರೂ ಅದು ಮೊದಲ ಸಲ ಘಾಟಿ ಇಳಿಯುವಾಗ ತಾವೇ ಕ್ಲೀನರ್ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ನಾಲ್ಕೈದು ತಿರುವು ಇಳಿದ ಮೇಲೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಒಂದೊಂದು ಚಕ್ರದ ಹತ್ತಿರವೂ ಕುಕ್ಕರಗಾಲಲ್ಲಿ ಕೂತು ಅಂಗೈ ಒಡ್ಡಿ ಕಾವು ನೋಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಸರಿ ಎನಿಸಿದರೆ ಡ್ರೈವರಿಗೆ ಕೈಬೀಸಿ ಕಳಿಸಿ, ಮೇಲೆ ಬರುವ ಯಾವುದಾದರೂ ಲಾರಿ ಹತ್ತಿ ವಾಪಸಾಗುತ್ತಿದ್ದರು. ಒಮ್ಮೆ ನಾನು ಇದೇಕೆಂದು ಕೇಳಿದ್ದೆ.

"ತಣ್ಣಗಿದ್ದಾಗ ಎಲ್ಲಾ ಬ್ರೇಕೂ ಹಿಡೀತವೆ ಸಾರ್. ಬಿಸಿ ಆದ್ಮೇಲೆ ಹಿಡಿದ್ರೆ ತಾನೆ ಬ್ರೇಕು" ಎಂದಿದ್ದರು.

ರಸ್ತೆಯ ಆಚೆ ಬದಿಗೆ ಒಂದು ಟೀ ಹೋಟೆಲು. ಅದರ ಮಹಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪೊಲೀಸ್ ಠಾಣೆ, ಆಸ್ಪತ್ರೆ, ತಾಲ್ಲೂಕು ಕಚೇರಿ ಸುತ್ತಿ ಬಂದ ಮೇಲೆ ಹೋಟೆಲಿನ ಬೆಂಚೇ ನನ್ನ ಕಚೇರಿ. ಅಲ್ಲಿ ಕೂತರೆ ಗ್ಯಾರೇಜಿನಲ್ಲಿ ಆಡುವ ಮಾತೂ ಕೇಳುತ್ತಿತ್ತು.

ಎರಡು ಸಾವಿರದ ಆಚೆ ಈಚೆ ನಮ್ಮ ಕಡೆಯ ಕೆಲವು ಕಾಫಿ ಬೆಳೆಗಾರರಲ್ಲಿ ಕಾರಿನ ಹುಚ್ಚು ಹತ್ತಿತ್ತು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ಎಸ್ಟೇಟಿನ ಯಜಮಾನರೊಬ್ಬರು ಬೆಂಗಳೂರಿನಲ್ಲಿ ಯಾರೋ ತರಿಸಿ ಓಡಿಸಿ ಬಿಟ್ಟಿದ್ದ ವಿದೇಶದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದರು. ನೆಲಕ್ಕೆ ಅಂಟಿದಂತಿದ್ದ ಬೂದು ಬಣ್ಣದ ಕಾರು. ಎಸ್ಟೇಟ್ ರಸ್ತೆಯಲ್ಲಿ ಅದು ಓಡುವ ಹಾಗಿರಲಿಲ್ಲ. ಗೇಟಿನ ಪಕ್ಕ ಡಾಂಬರು ರಸ್ತೆಗೆ ಹೊಂದಿಸಿ ಅದಕ್ಕೆಂದೇ ಒಂದು ಷೆಡ್ಡು ಕಟ್ಟಿಸಿದ್ದರು. ಭಾನುವಾರ ಬೆಳಿಗ್ಗೆ ಲಾರಿಗಳು ಕಡಿಮೆ ಇರುವ ಹೊತ್ತಿನಲ್ಲಿ ಘಾಟಿಯ ಬುಡದ ಗುಂಡ್ಯದವರೆಗೆ ಇಳಿದು ಹತ್ತಿ ಬರುವುದು ಅವರ ಖುಷಿ. ನಲವತ್ತೈದರ ವಯಸ್ಸು, ಹಣೆಗೆ ವಿಭೂತಿ, ಯಾರಿಗೂ ಕೇಡು ಬಯಸುವವರಲ್ಲ. ಆಳುಗಳ ಜೊತೆಗೂ ತಮಾಷೆಯಾಗಿ ಮಾತಾಡುತ್ತಿದ್ದರು.

ತೊಂದರೆ ಬಂದದ್ದು ಇಳಿಯುವಾಗಲೇ. ಲಾರಿಯಾದರೆ ಮೊದಲನೆಯ, ಎರಡನೆಯ ಗೇರಿನಲ್ಲಿ ತೆವಳಿಕೊಂಡು ಇಳಿಯುತ್ತದೆ. ಈ ಕಾರನ್ನು ಅವರು ಇಳಿಸುತ್ತಿದ್ದ ವೇಗಕ್ಕೆ ಪ್ರತಿ ತಿರುವಿಗೂ ಬ್ರೇಕ್ ಒತ್ತಿ ಒತ್ತಿ, ಅರ್ಧ ಘಾಟಿಯಲ್ಲೇ ಕಬ್ಬಿಣದ ಡಿಸ್ಕುಗಳು ಕಾದು ನೀಲಿ ಬಣ್ಣಕ್ಕೆ ತಿರುಗುತ್ತಿದ್ದವು. ಭಾಯ್ ಎರಡು ಸಲ ಡಿಸ್ಕ್ ಬದಲಿಸಿ ಕೊಟ್ಟರು. ಎರಡು ಸಲವೂ ಅದೇ ಕಥೆ. ಒಂದು ದಿನ ಯಜಮಾನರು ಹೋಟೆಲಿನ ಬೆಂಚಿನಲ್ಲಿ ಕೂತು, ಇನ್ನು ಮೇಲೆ ಕಾರ್ಬನ್ ಸೆರಾಮಿಕ್ ಹಾಕಿಸುವುದೇ ಸೈ ಎಂದು ಘೋಷಿಸಿದರು.

"ಅದೇನ್ ಯಜಮಾನ್ರೆ ಹಂಗಂದ್ರೆ?" ಹೋಟೆಲಿನವನು ಕೇಳಿದ.

"ಕಬ್ಣ ಅಲ್ಲ ಕಣೋ. ಒಂಥರಾ ಪಿಂಗಾಣಿ. ಇದ್ದಿಲು, ಮರಳು ಸೇರ್ಸಿ ಸುಟ್ಟು ಮಾಡ್ತಾರೆ. ಎಷ್ಟ್ ಕಾದ್ರೂ ಹಿಡಿತ ಬಿಡಾಕಿಲ್ಲ."

"ಪಿಂಗಾಣಿ ಬ್ರೇಕಾ! ನಮ್ಮ ಹೋಟ್ಲಲ್ಲಿ ದಿನಾ ಎರಡು ಪಿಂಗಾಣಿ ಒಡೆದೋಗ್ತವೆ ಮಾರಾಯ್ರೆ. ಬೇಕಿದ್ರೆ ಚೂರು ಕೊಡ್ತೀನಿ, ಭಾಯ್ ಕೈಲಿ ಅಂಟಿಸ್ಕೊಳಿ."

ಎಲ್ಲರೂ ನಕ್ಕರು. ಭಾಯ್ ನಗಲಿಲ್ಲ. "ಸಾಮಾನು ಬರ್ಲಿ ಯಜಮಾನ್ರೆ. ಕೈಯಲ್ಲಿ ಹಿಡಿದು ನೋಡ್ದೆ ನಾನೇನೂ ಹೇಳಾಕಿಲ್ಲ" ಎಂದರು.

ದುಬೈಯಲ್ಲಿದ್ದ ಸ್ನೇಹಿತರೊಬ್ಬರ ಮೂಲಕ ಆ ಡಿಸ್ಕುಗಳು ಬಂದದ್ದು ಮಳೆ ಹಿಡಿಯುವ ಹೊತ್ತಿಗೆ. ಆ ವರ್ಷ ಶಿರಾಡಿ ಘಾಟಿಯ ರಸ್ತೆ ಕಿತ್ತು ಹೋಗಿತ್ತು. ಗುಂಡಿಗಳಲ್ಲಿ ಲಾರಿಗಳೇ ಹೂತು ನಿಲ್ಲುತ್ತಿದ್ದವು. ಮಳೆ ಕಳೆದು ರಸ್ತೆ ಸರಿಯಾದ ಮೇಲೆ ಹಾಕಿಸೋಣವೆಂದು ಯಜಮಾನರು ಪೆಟ್ಟಿಗೆಯನ್ನು ಎಸ್ಟೇಟಿನ ಸ್ಟೋರಿನಲ್ಲಿ ಇಡಿಸಿದರು. ಬ್ರೇಕಿನ ಪ್ಯಾಡುಗಳು ಬೇರೆ ಡಬ್ಬಿಯಲ್ಲಿದ್ದವು. ಅವನ್ನು ಮನೆಯ ಬೀರುವಿನಲ್ಲಿಟ್ಟುಕೊಂಡರು.

ಮಳೆ ಬಿಟ್ಟಿತು. ಲೋಕೋಪಯೋಗಿಯವರು ಕಂಟ್ರಾಕ್ಟರ ಮೂಲಕ ಘಾಟಿಯ ಗುಂಡಿಗಳಿಗೆ ಜಲ್ಲಿ ತುಂಬಿಸತೊಡಗಿದರು. ಒಂದು ಗುರುವಾರ ಸಂಜೆ ಯಜಮಾನರು ಕಾರನ್ನೂ ಪ್ಯಾಡುಗಳ ಡಬ್ಬಿಯನ್ನೂ ತಂದು ಗ್ಯಾರೇಜಿನಲ್ಲಿ ಬಿಟ್ಟರು. ಮರುದಿನ ಬೆಳಿಗ್ಗೆ ಎಸ್ಟೇಟ್ ಜೀಪಿನಲ್ಲಿ ಡಿಸ್ಕುಗಳು ಬಂದವು. ನಾನು ಬೆಂಚಿನಿಂದ ಎದ್ದು ನೋಡಲು ಹೋದೆ. ಊರಿಗೆ ಹೊಸ ಸಾಮಾನು ಬಂದರೆ ನೋಡಿಕೊಂಡು ಬರುವುದು ನನ್ನ ಉದ್ಯೋಗವೂ ಆಗಿತ್ತು.

ನಾಲ್ಕು ಡಿಸ್ಕುಗಳು ನಾಲ್ಕು ಗೋಣಿ ಚೀಲದಲ್ಲಿ, ಗೋಣಿಯ ಒಳಗೆ ಪ್ಲಾಸ್ಟಿಕ್ಕು. ಬಿಚ್ಚಿದಾಗ ದಪ್ಪಗೆ ಗ್ರೀಸ್ ಹಚ್ಚಿತ್ತು. ಭಾಯ್ ಒಂದನ್ನು ಎತ್ತಿ, ಹಗುರಕ್ಕೆ ಬೆರಗಾಗಿ, ಇನ್ನೊಂದು ಕೈಗೆ ಬದಲಿಸಿ ಮತ್ತೆ ತೂಗಿದರು. ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರು. ಕಬ್ಬಿಣದ ಡ್ರಮ್ಮು, ಡಿಸ್ಕು ಯಾವುದೇ ಆದರೂ ಹೀಗೆ ತಟ್ಟಿ ನೋಡುವುದು ವಾಡಿಕೆ. ಸರಿಯಿದ್ದರೆ ಗಂಟೆಯ ಹಾಗೆ ಕೇಳುತ್ತದೆ, ಬಿರುಕಿದ್ದರೆ ಒಡಕು ಸದ್ದು. ಇದು ಹಲಗೆ ತಟ್ಟಿದ ಹಾಗೆ ಕೇಳಿತು. ಇನ್ನು ಮೂರನ್ನೂ ತಟ್ಟಿದರು. ಅವೂ ಹಾಗೇ.

"ಇದರ ಮಾತೇ ಬೇರೆ" ಎಂದು ಕೆಳಗಿಟ್ಟರು.

ಆಮೇಲೆ ಒರೆಸತೊಡಗಿದರು. ಹೊಸ ಡಿಸ್ಕುಗಳು ತುಕ್ಕು ಹಿಡಿಯದಿರಲೆಂದು ಕಂಪನಿಯವರು ಎಣ್ಣೆ ಸವರಿ ಕಳಿಸುವುದು ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ತೆಗೆದೇ ಜೋಡಿಸಬೇಕು. ಈ ಡಿಸ್ಕಿನ ಮುಖದ ತುಂಬ ಸಣ್ಣ ಸಣ್ಣ ತೂತುಗಳಿದ್ದವು. ಭಾಯ್ ಕಡ್ಡಿಗೆ ಬಟ್ಟೆ ಸುತ್ತಿ ಒಂದೊಂದು ತೂತನ್ನೂ ತಿರುವಿ ತಿರುವಿ ತೆಗೆದರು. ನಾಲ್ಕು ಡಿಸ್ಕಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ನಡುವೆ ಒಮ್ಮೆ ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದದ್ದನ್ನು ನಾನು ನೋಡಿದೆ. ಏನೋ ಯೋಚಿಸಿದರು. ಯಜಮಾನರು ಅಷ್ಟರಲ್ಲಿ ಬಂದು ನಿಂತಿದ್ದರು.

"ಏನ್ ಭಾಯ್, ಮದ್ವಣಗಿತ್ತಿಗೆ ಎಣ್ಣೆ ನೀರಾ? ಬೇಗ ಮುಗ್ಸಿ ಮಾರಾಯ್ರೆ."

ಕೆಲಸ ಮುಗಿಯುವ ಹೊತ್ತಿಗೆ ಹನ್ನೆರಡೂವರೆ ದಾಟಿತ್ತು. ಭಾಯ್ ಕಾರನ್ನು ರಸ್ತೆಗೆ ತೆಗೆದು, ಬಸ್ ನಿಲ್ದಾಣದವರೆಗೆ ಹೋಗಿ ಬಂದರು. ನಾಲ್ಕೈದು ಕಡೆ ನಿಲ್ಲಿಸಿ ನೋಡಿದರು. ಬ್ರೇಕು ಚೆನ್ನಾಗಿಯೇ ಹಿಡಿಯಿತು. ಆ ದಿನ ಶುಕ್ರವಾರ. ಅವರು ಕೈಕಾಲು ತೊಳೆದು, ಟೋಪಿ ಹಾಕಿಕೊಂಡು ಮಸೀದಿಗೆ ಹೊರಟರು. ಹೊರಡುವಾಗ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು.

"ಯಜಮಾನ್ರೆ, ನಮಾಜ್ ಮುಗಿಸ್ಕೊಂಡ್ ಬರ್ತೀನಿ. ನಾನು ಬರೋ ತನಕ ಘಾಟಿಗೆ ಇಳಿಸ್ಬೇಡಿ. ಬಿಸಿ ಆದ್ಮೇಲೆ ಹೆಂಗೈತೆ ಅಂತ ನಾನೇ ಕೂತು ನೋಡ್ಬೇಕು."

"ಆಯ್ತು ಹೋಗ್ ಬನ್ನಿ. ನಂಗೇನು ಅವಸರ?" ಎಂದರು ಯಜಮಾನರು.

ಆಗ ಅಲ್ಲಿದ್ದದ್ದು ಅವರಿಬ್ಬರು ಮತ್ತು ನಾನು. ಕಾರಿನಿಂದ ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಪ್ರತಿ ಮಾತೂ ನನಗೆ ಕೇಳಿಸಿತು.

ನಾನು ಊಟಕ್ಕೆಂದು ಮೇಲೆ ಹೋದೆ. ಅರ್ಧ ಗಂಟೆಯಲ್ಲಿ, ಅನ್ನ ಇಳಿಸುವ ಹೊತ್ತಿಗೆ, ಕಾರು ಹೊರಟ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ ಅದು ದೋಣಿಗಾಲ್ ಕಡೆಗೇ ತಿರುಗಿತ್ತು. ಅಲ್ಲಿವರೆಗೆ ಹೋಗಿ ತಿರುಗಿಸಿಕೊಂಡು ಬರಬಹುದು ಎಂದುಕೊಂಡು ತಟ್ಟೆಯ ಮುಂದೆ ಕೂತೆ. ಭಾಯ್ ಬಂದಾಗ ಷೆಡ್ಡಿನಲ್ಲಿ ಜಾಕ್ ಮತ್ತು ಹಳೆಯ ನಾಲ್ಕು ಡಿಸ್ಕುಗಳು ಮಾತ್ರ ಇದ್ದವು. ಟೋಪಿಯನ್ನು ಕೈಯಲ್ಲಿ ಹಿಡಿದು ಅವರು ರಸ್ತೆಯ ಅಂಚಿಗೆ ಬಂದು ನಿಂತರು. ಕೂಗಿ ಕೇಳಿದ್ದಕ್ಕೆ ಹೋಟೆಲಿನವನು ಕೈ ತೋರಿಸಿದ. ಅವರು ಕೆಳಗೆ ಹೋಗುವ ಮೊದಲ ಲಾರಿಗೆ ಅಡ್ಡ ನಿಂತು ಹತ್ತಿಕೊಂಡರು. ನಾನೂ ಚಪ್ಪಲಿ ಮೆಟ್ಟಿಕೊಂಡು ಓಡಿ ಅದೇ ಲಾರಿ ಹತ್ತಿದೆ.

ದೋಣಿಗಾಲ್ ದಾಟಿ ಆರನೆಯ ತಿರುವಿನಲ್ಲಿ ವಾಹನಗಳು ನಿಂತಿದ್ದವು. ಅಲ್ಲಿ ಗುಂಡಿ ತುಂಬುವ ಕೆಲಸ ನಡೆದಿತ್ತು. ಅರ್ಧ ರಸ್ತೆ ಬಂದ್ ಮಾಡಿ, ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದ ಕೆಲಸಗಾರನೊಬ್ಬನನ್ನು ಮೇಲುಗಡೆ ನಿಲ್ಲಿಸಿದ್ದರು. ಆತ ಕುಂದೂರು ಹೋಬಳಿಯವನು. ಇಳಿದು ಬರುವ ವಾಹನಗಳನ್ನು ತಡೆದು ನಿಲ್ಲಿಸುವುದೇ ಅವನಿಗೆ ಕೊಟ್ಟಿದ್ದ ಕೆಲಸ. ಅವನ ಮೇಲೆ ಯಾರೋ ಒಂದು ಟಾರ್ಪಾಲು ಹೊದಿಸಿದ್ದರು. ಕಾರು ಅಲ್ಲಿಂದ ಸ್ವಲ್ಪ ಕೆಳಗೆ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿ ನಿಂತಿತ್ತು. ಜಲ್ಲಿ ಹೊರುತ್ತಿದ್ದ ಹೆಂಗಸೊಬ್ಬಳು ನನಗೆ ಹೇಳಿದಳು.

"ಓಡೋಗು ಓಡೋಗು ಅಂತ ನಾವೆಲ್ಲ ಕೂಗಿದ್ವಿ ಸಾರ್. ನಿಲ್ಸ್ತಾರೆ ನಿಲ್ಸ್ತಾರೆ ಅಂತ ಕೋಲೆತ್ಕೊಂಡು ನಿಂತೇ ಇದ್ದ. ಎಲ್ರೂ ನಿಲ್ಸೋರು ತಾನೆ, ಅದ್ಕೆ."

ನಾನು ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡೆ. ಭಾಯ್ ಟಾರ್ಪಾಲಿನ ಹತ್ತಿರ ಒಂದು ಗಳಿಗೆ ನಿಂತು, ನಂತರ ಕಾರಿನ ಬಳಿ ಹೋಗಿ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚಕ್ರದ ಕಡ್ಡಿಗಳ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅವರು ಅಂಗೈ ಒಡ್ಡಿದರು. ಮೂಸಿದರು. ಬೆರಳು ತೂರಿಸಿ ಡಿಸ್ಕನ್ನು ಮುಟ್ಟಿ, ಸುಟ್ಟುಕೊಂಡು, ಬೆರಳ ತುದಿಯನ್ನು ನನಗೆ ತೋರಿಸಿದರು. ಹೊಳೆಯುತ್ತಿತ್ತು.

"ಗ್ರೀಸು" ಎಂದರು. "ಒಳ್ಗಿಂದ ಬರ್ತಾ ಐತೆ."

ಯಜಮಾನರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು, ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವರನ್ನು ಮಾತಾಡಿಸಲು ಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ನಾನು ಕೇಳುವ ಮೊದಲೇ ಹೇಳಿದರು.

"ಬ್ರೇಕ್ ಹಿಡೀಲಿಲ್ಲ ಕಣ್ರೀ. ಮೂರ್ನಾಲ್ಕು ತಿರುವು ಚೆನ್ನಾಗ್ ಹಿಡೀತು. ಆಮೇಲೆ ಪೆಡಲ್ ಕಲ್ಲಿದ್ದಂಗಿತ್ತು, ಗಾಡಿ ಮಾತ್ರ ಹೋಗ್ತಾನೇ ಐತೆ. ಆ ಮನುಷ್ಯ ಮುಂದೆ ನಿಂತವ್ನೆ. ನಾನೇನ್ ಮಾಡ್ಲಿ? ಇವತ್ತೇ ಹಾಕ್ಸಿದ ಬ್ರೇಕು."

ಭಾಯ್ ಹೇಳಿದ್ದ ಮಾತನ್ನು ನಾನು ಅವರಿಗೆ ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಹಾಸನದ ಕಚೇರಿಗೆ ಫೋನ್ ಮಾಡಿ ನಾಲ್ಕು ವಾಕ್ಯ ಓದಿ ಹೇಳಿದೆ. ಒಂದು, ಕಾರು ಡಿಕ್ಕಿ ಹೊಡೆದು ರಸ್ತೆ ಕಾಮಗಾರಿಯ ಕಾರ್ಮಿಕ ಮೃತಪಟ್ಟಿದ್ದಾರೆ. ಎರಡು, ಕಾರು ಚಲಾಯಿಸುತ್ತಿದ್ದ ಕಾಫಿ ಬೆಳೆಗಾರರು ಗಾಯಗೊಂಡಿದ್ದಾರೆ. ಮೂರು, ಬ್ರೇಕ್ ವಿಫಲವಾದದ್ದು ಅಪಘಾತಕ್ಕೆ ಕಾರಣ ಎಂದು ಅವರು ತಿಳಿಸಿದ್ದಾರೆ. ನಾಲ್ಕು, ಕಾರಿಗೆ ಅದೇ ದಿನ ಪಟ್ಟಣದ ಗ್ಯಾರೇಜೊಂದರಲ್ಲಿ ಹೊಸ ಬ್ರೇಕ್ ಅಳವಡಿಸಲಾಗಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕಲಿಸಿದ್ದ ನಿಯಮವೊಂದಿತ್ತು. ವರದಿಯಲ್ಲಿ ವರದಿಗಾರ ಇರಕೂಡದು. ನಾನೇ ಕೇಳಿಸಿಕೊಂಡ ಮಾತು ಐದನೆಯ ವಾಕ್ಯವಾಗಬೇಕಾದರೆ ಅದನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಕಿತ್ತು. ಭಾಯ್ ಅವರನ್ನೇ ಕೇಳಿ ಅವರ ಹೇಳಿಕೆಯಾಗಿ ಹಾಕಬಹುದಿತ್ತೆಂದು ನನಗೆ ಹೊಳೆದದ್ದು ಮಾರನೆಯ ದಿನ, ಪತ್ರಿಕೆ ಕೈಗೆ ಬಂದ ಮೇಲೆ.

ಗ್ಯಾರೇಜಿನ ಹೆಸರು ನಾನು ಹಾಕಿರಲಿಲ್ಲ. ಅದರಿಂದ ಏನೂ ಉಪಯೋಗವಾಗಲಿಲ್ಲ. ಹೋಟೆಲಿನ ಮುಂದೆ ಲಾರಿಯವರು ಪತ್ರಿಕೆ ಹರಡಿಕೊಂಡು ಓದಿ, ಓದಲು ಬಾರದವರಿಗೆ ಹೇಳಿ, ಷೆಡ್ಡಿನ ಕಡೆ ಒಮ್ಮೆ ನೋಡಿ ಎದ್ದು ಹೋದರು. ಆ ವಾರದಲ್ಲಿ ಎಂದಿನಂತೆ ಕೆಲವರು ಬಂದರು. ಮರುವಾರ ಹಳೆಯ ಗಿರಾಕಿಯೊಬ್ಬ ಗ್ಯಾರೇಜಿನ ಮುಂದೆ ಲಾರಿ ನಿಲ್ಲಿಸಿ, ಇಳಿಯದೆ, ಎಂಜಿನ್ ಆರಿಸದೆ ಕೂಗಿ ಹೇಳಿದ.

"ಭಾಯ್, ಬೇಜಾರ್ ಮಾಡ್ಕೋಬೇಡಿ. ಹಾಸನದಲ್ಲೇ ಮಾಡ್ಸ್ಕೊಂಡ್ ಬಂದ್ಬುಟ್ಟೆ. ನಮ್ ಓನರ್ ಒಪ್ಪಾಕಿಲ್ಲ."

"ಒಳ್ಳೇದಾಯ್ತು ಬಿಡು" ಎಂದರು ಭಾಯ್. "ಹಿಂದಿನ ಎಡಗಡೆ ನೋಡಿದ್ರಾ ಅವ್ರು? ಹೋದ್ಸಲ ಎಳೀತಿತ್ತು."

"ನೋಡವ್ರೆ, ನೋಡವ್ರೆ" ಎನ್ನುತ್ತ ಅವನು ಗೇರ್ ಹಾಕಿದ.

ಪೊಲೀಸರು ಯಜಮಾನರನ್ನು ಒಂದನೇ ಆರೋಪಿ, ಭಾಯ್ ಅವರನ್ನು ಎರಡನೇ ಆರೋಪಿ ಎಂದು ಸೇರಿಸಿದರು. ಕಾರನ್ನು ಪರೀಕ್ಷಿಸಿದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು ಬ್ರೇಕ್ ಎಣ್ಣೆ ತುಂಬಿದೆ, ಪೈಪುಗಳು ಸರಿಯಿವೆ, ಪೆಡಲ್ ಗಟ್ಟಿಯಿದೆ, ಪ್ಯಾಡುಗಳ ಮೇಲೆ ಜಿಡ್ಡಿದೆ ಎಂದು ಬರೆದರು. ಆ ಜಿಡ್ಡು ಯಾರದು ಎಂಬ ಪ್ರಶ್ನೆಗೆ ಠಾಣೆಯಲ್ಲಿ ಎಲ್ಲರಲ್ಲೂ ಒಂದೇ ಉತ್ತರವಿತ್ತು. ಮೆಕ್ಯಾನಿಕ್ಕನ ಕೈಯಲ್ಲದೆ ಇನ್ಯಾರದು?

ಒಂದು ಬೆಳಿಗ್ಗೆ ಭಾಯ್ ರಸ್ತೆ ದಾಟಿ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಅವರು ಹಾಗೆ ಬಂದು ಕೂತದ್ದು ಅದೇ ಮೊದಲು.

"ಸಾರ್, ನಾನು ಬರೋ ತನಕ ಇಳಿಸ್ಬೇಡಿ ಅಂದಿದ್ದು ನೀವ್ ಕೇಳಿಸ್ಕೊಂಡ್ರಲ್ವಾ?"

"ಕೇಳಿಸ್ಕೊಂಡೆ."

"ಅಷ್ಟು ಹೇಳಿ ಸಾಕು, ಠಾಣೇಲಿ. ಇನ್ನೇನೂ ಬ್ಯಾಡ. ಮೂವತ್ ವರ್ಷದಿಂದ ನಾನು ಕೂತು ನೋಡ್ದೆ ಒಂದು ಗಾಡೀನೂ ಬಿಟ್ಟಿಲ್ಲ. ಅದೊಂದು ಗೊತ್ತಾದ್ರೆ ಲಾರಿಯವ್ರು ಬರ್ತಾರೆ."

ಪತ್ರಿಕೆಯವರನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದೆ. ಹಾಸನದಲ್ಲಿ ನನ್ನ ಮೇಲಿದ್ದವರು ಪೂರ್ತಿ ಕೇಳಿಸಿಕೊಂಡು, ನೀವು ವರದಿಗಾರರು, ಸಾಕ್ಷಿಯಲ್ಲ, ಒಂದು ಸಲ ಸಾಕ್ಷಿ ಕಟಕಟೆ ಹತ್ತಿದರೆ ಆ ಠಾಣೆಯಲ್ಲಿ ಆಮೇಲೆ ನಿಮಗೆ ಸುದ್ದಿ ಹುಟ್ಟುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ನನಗೆ ಅದು ಅನುಕೂಲವೂ ಆಗಿತ್ತು. ಸಾಕ್ಷಿ ಹೇಳುವುದರ ಬದಲು ಜಿಡ್ಡಿನ ಮೂಲ ಹುಡುಕಿ ವರದಿ ಮಾಡುತ್ತೇನೆ, ಅದು ಇನ್ನೂ ಗಟ್ಟಿ ಎಂದು ಭಾಯ್ ಅವರಿಗೆ ಹೇಳಿದೆ. ಅವರು "ಹಂಗೇ ಮಾಡಿ" ಎಂದು ಎದ್ದು ಹೋದರು.

ಎಸ್ಟೇಟಿಗೆ ನಾನು ಹೋದದ್ದು ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಮುಂಚೆ. ಯಜಮಾನರು ಇನ್ನೂ ಬೆಂಗಳೂರಿನ ಆಸ್ಪತ್ರೆಗೆ ಓಡಾಡುತ್ತಿದ್ದರು. ಸ್ಟೋರಿನ ಬಾಗಿಲಲ್ಲಿ ಅದರ ಲೆಕ್ಕ ಬರೆದು ನೋಡಿಕೊಳ್ಳುವ ರೈಟರು ಸಿಕ್ಕಿದರು. ಅರವತ್ತರ ಹತ್ತಿರದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ. ಮದುವೆಯಾಗಿ ಬಂದ ವರ್ಷದಿಂದ ಎಸ್ಟೇಟ್ ಕೊಟ್ಟ ಮನೆಯಲ್ಲೇ ಇದ್ದವರು. ಒಳಗೆ ಪ್ರತಿಯೊಂದೂ ಅದರದರ ಜಾಗದಲ್ಲಿತ್ತು. ಗೋಡೆಯುದ್ದಕ್ಕೂ ಕತ್ತಿ, ಗರಗಸ, ಔಷಧಿ ಹೊಡೆಯುವ ಪಂಪಿನ ಭಾಗಗಳು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಡಿಸ್ಕುಗಳು. ಎಲ್ಲವೂ ಕಂದು ಗ್ರೀಸಿನಲ್ಲಿ ಮಿರುಗುತ್ತಿದ್ದವು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಗ್ರೀಸ್ ಹಚ್ಚದೆ ಇಟ್ಟ ಕಬ್ಬಿಣ ದಸರೆಯ ಹೊತ್ತಿಗೆ ಕೆಂಪು ಪುಡಿಯಾಗಿರುತ್ತದೆ. ಸ್ಟೋರ್ ರೈಟರ ಯೋಗ್ಯತೆಯನ್ನು ಯಜಮಾನರು ಅಳೆಯುವುದೇ ಅದರಿಂದ.

ಬ್ರೇಕಿನ ಪೆಟ್ಟಿಗೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ.

"ಇಲ್ಲೇ, ಪಲ್ಪರ್ ಡಿಸ್ಕಿನ ಪಕ್ಕ. ಪೆಟ್ಟಿಗೆ ರಟ್ಟಿಂದು ಸಾರ್, ಆಷಾಢದಲ್ಲಿ ಸೂರು ಸೋರಿ ಮುದ್ದೆ ಆಗೋಯ್ತು. ಒಳ್ಗಿದ್ದ ಕಾಗ್ದ ಎಲ್ಲ ಹಿಟ್ಟಿನಂಗಾಗಿತ್ತು, ಬಿಸಾಕ್ದೆ. ಜೋಪಾನ ರೈಟ್ರೆ, ಜೋಪಾನ ಅಂತ ಯಜಮಾನ್ರು ಎಷ್ಟ್ ಸಲ ಹೇಳವ್ರೆ! ತುಕ್ಕು ಹಿಡಿದ್ರೆ ನಾನೇನು ಮುಖ ತೋರಿಸ್ಲಿ? ನಾನೇ ಕೂತ್ಕೊಂಡು ನಾಲ್ಕಕ್ಕೂ ಗ್ರೀಸ್ ಹಚ್ಚಿ, ತೂತಿಗೆಲ್ಲ ತುಂಬ್ಸಿ, ಪ್ಲಾಸ್ಟಿಕ್ ಸುತ್ತಿ, ಗೋಣಿ ಹೊಲ್ದು ಇಟ್ಟಿದ್ದೆ. ಮೂರು ತಿಂಗ್ಳು ಸಾರ್! ಒಂಚೂರು ತುಕ್ಕು ತೋರ್ಸಿ ನೋಡಾನ."

ಅವರ ಮುಖದಲ್ಲಿ ಹೆಮ್ಮೆಯಿತ್ತು. ತಮ್ಮ ಕೆಲಸಕ್ಕೂ ಆ ತಿರುವಿನಲ್ಲಿ ಆದದ್ದಕ್ಕೂ ಸಂಬಂಧವಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಗ್ರೀಸಿನ ಡಬ್ಬಿಯನ್ನು ತೆಗೆದು ತೋರಿಸಿದರು. ಬ್ರೇಕ್ ಹಾಕಿದ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದಿರಾ ಎಂದು ಕೇಳಿದೆ.

"ಹೇಳೋದೇನೈತೆ ಸಾರ್? ಹಚ್ಚಿದ್ದು ಕಣ್ಣಿಗೇ ಕಾಣ್ತದಲ್ಲ."

ನಾನು ಬೆಂಗಳೂರಿನ ಕಾರು ಕಂಪನಿಯ ವರ್ಕ್‌ಷಾಪಿಗೆ ಫೋನ್ ಮಾಡಿ ಕೇಳಿದೆ. ಅಲ್ಲಿನವರಿಗೆ ನಗು ಬಂತು. ಈ ಜಾತಿಯ ಡಿಸ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಎಣ್ಣೆ ಗ್ರೀಸು ತಿಂಗಳುಗಟ್ಟಲೆ ಕೂತರೆ ಒಳಕ್ಕೆ ಇಳಿದುಬಿಡುತ್ತದೆ, ಮೇಲೆ ಎಷ್ಟು ಒರೆಸಿದರೂ ಕಾದಾಗ ಹೊರಗೆ ಬೆವರುತ್ತದೆ, ಗ್ರೀಸ್ ತಗುಲಿದ್ದನ್ನು ಹಾಕುವಂತೆಯೇ ಇಲ್ಲ ಎಂದರು. ಕೊನೆಗೆ, "ಅಲ್ಲ ಸಾರ್, ಅದಕ್ಕೆ ತುಕ್ಕೇ ಹಿಡಿಯಲ್ಲ. ಯಾಕೆ ಹಚ್ಚಿದ್ರು?" ಎಂದು ಕೇಳಿದರು.

ಅಂದೇ ಸಂಜೆ ಭಾಯ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖದಲ್ಲಿ ಬಿಡುಗಡೆ ಕಾಣಬಹುದೆಂದು ನಾನು ನಿರೀಕ್ಷಿಸಿದ್ದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ರೈಟ್ರಿಗೆ ಹೇಳಿದ್ರಾ, ಹಿಂಗಾಯ್ತು ಅಂತ?"

"ಇಲ್ಲ."

"ಹೇಳ್ಬ್ಯಾಡಿ. ಪೇಪರ್ನಲ್ಲೂ ಹಾಕ್ಬ್ಯಾಡಿ. ಆ ವಯಸ್ನಲ್ಲಿ ಅದನ್ನ ಹೊತ್ಕೊಂಡು ಅವ್ರು ಎಲ್ಲಿಗ್ ಹೋಗ್ತಾರೆ? ಮನೆ ಎಸ್ಟೇಟಿಂದು."

"ಮತ್ತೆ ನಿಮ್ಮದು?"

"ಒರೆಸಿದೋನು ನಾನು ಸಾರ್. ಒರೆಸೋವಾಗ ವಾಸ್ನೆ ಬಂತು. ಪಲ್ಪರಿಗೆ ಹಾಕೋ ಗ್ರೀಸ್ ವಾಸ್ನೆ, ನಂಗ್ ಗೊತ್ತಿಲ್ವಾ? ಕಂಪ್ನಿಯವ್ರು ಇದ್ಯಾಕೆ ಹಚ್ಚಿದ್ರು ಅಂತ ಒಂದ್ ಮಾತು ಕೇಳ್ಬೇಕಿತ್ತು. ಯಜಮಾನ್ರು ತಲೆ ಮ್ಯಾಲೆ ನಿಂತಿದ್ರು. ಕೇಳ್ಲಿಲ್ಲ."

ಅದಾದ ಮೇಲೆ ಅವರು ನನ್ನ ಸಾಕ್ಷಿಯ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಗ್ರೀಸಿನ ವಿಷಯ ಬರೆಯದಿರಲು ನನಗೆ ಅವರ ಮಾತು ಸಿಕ್ಕಿತ್ತು. ಆದರೆ ನನ್ನ ಕಿವಿಯಾರೆ ಕೇಳಿದ ಆ ಒಂದು ಮಾತನ್ನು ಹೇಳುವುದಕ್ಕೆ ರೈಟರ ಹೆಸರು ಬೇಕಿರಲಿಲ್ಲ, ಗ್ರೀಸೂ ಬೇಕಿರಲಿಲ್ಲ. ಠಾಣೆ ನನ್ನ ಕೋಣೆಯಿಂದ ನಡೆದು ಹೋಗುವ ದೂರದಲ್ಲಿತ್ತು. ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಲೂ ಇದ್ದೆ.

ಪ್ರಕರಣ ಕೆಲವು ವರ್ಷ ಎಳೆಯಿತು. ಕೋರ್ಟಿನಲ್ಲಿ ನಾನು ವರದಿಗಾರರ ಬೆಂಚಿನಲ್ಲಿ ಕೂತಿದ್ದೆ. ಮೆಕ್ಯಾನಿಕ್ ಘಾಟಿಗೆ ಇಳಿಸಬೇಡಿ ಎಂದು ಹೇಳಿದ್ದರೇ ಎಂದು ವಕೀಲರು ಕೇಳಿದಾಗ ಯಜಮಾನರು ತಲೆ ತಗ್ಗಿಸಿ, "ಜ್ಞಾಪಕ ಇಲ್ಲ" ಎಂದರು. ತಲೆ ಎತ್ತಿದಾಗ ಅವರ ಕಣ್ಣು ಮೊದಲು ಬಿದ್ದದ್ದು ನನ್ನ ಮೇಲೆ. ಭಾಯ್ ನ್ಯಾಯಾಧೀಶರಿಗೆ ಹೇಳಿದ್ದು ಒಂದೇ, ಡಿಸ್ಕ್ ಒರೆಸಿ ಹಾಕಿದ್ದು ನಾನೇ ಎಂದು. ಕೊನೆಗೆ ಸಾಕ್ಷ್ಯ ಸಾಲದೆಂದು ಇಬ್ಬರೂ ಬಿಡುಗಡೆಯಾದರು. ಕುಂದೂರು ಕಡೆಯಿಂದ ಬಂದಿದ್ದ ಆ ಕೆಲಸಗಾರನ ಹೆಂಡತಿ ಹೊರಗೆ ಜಗಲಿಯಲ್ಲಿ ನನ್ನನ್ನು ತಡೆದು, ಹಾಗಾದರೆ ತಪ್ಪು ಯಾರದಂತೆ ಎಂದು ಕೇಳಿದಳು. ಯಾರದೂ ಎಂದು ಸಾಬೀತಾಗಿಲ್ಲ ಎಂದು ನಾನು ಹೇಳಿದೆ. ಬಿಡುಗಡೆಯ ಸುದ್ದಿಯೂ ನಾಲ್ಕೇ ವಾಕ್ಯದಲ್ಲಿ ಮುಗಿಯಿತು. ಅಷ್ಟರಲ್ಲಿ ಗ್ಯಾರೇಜಿನ ತಗಡುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿ ಎರಡು ಮಳೆಗಾಲ ಕಳೆದಿತ್ತು.

ಕಾರು ಠಾಣೆಯ ಹಿಂದಿನ ಅಂಗಳದಲ್ಲೇ ಉಳಿಯಿತು. ಯಜಮಾನರು ಅದನ್ನು ಬಿಡಿಸಿಕೊಳ್ಳಲು ಬರಲಿಲ್ಲ. ಸುದ್ದಿಗೆಂದು ಹೋದಾಗಲೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ಬಾಗಿಲಿನ ಅಂಚು ತಿಂದು ಹೋಯಿತು, ಚಕ್ರದ ನಟ್ಟುಗಳು ಕೆಂಪಗಾಗಿ ಊದಿಕೊಂಡವು, ಟೈರಿನ ಸುತ್ತ ಹುಲ್ಲು ಹುಟ್ಟಿತು. ಚಕ್ರದ ಕಡ್ಡಿಗಳ ಹಿಂದೆ ಡಿಸ್ಕುಗಳು ಮಾತ್ರ ಬಂದ ದಿನದ ಹಾಗೆಯೇ ಬೂದಿ ಬಣ್ಣದಲ್ಲಿದ್ದವು.

ಭಾಯ್ ಅವರನ್ನು ಕೊನೆಯ ಸಲ ನೋಡಿದ್ದು ಆಲೂರು ತಾಲ್ಲೂಕಿನ ಪಾಳ್ಯದಲ್ಲಿ. ಯಾವುದೋ ಸಭೆ ವರದಿ ಮಾಡಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆ. ರಸ್ತೆ ಬದಿಯ ಮರದ ಕೆಳಗೆ ನೀರಿನ ಬಾನಿ, ಗಾಳಿ ಹೊಡೆಯುವ ಪಂಪು ಇಟ್ಟುಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, ಕೂರಲು ಒಂದು ಟೈರು ಸರಿಸಿದರು. ಟೀ ತರಿಸಿದರು. ಊರಿನ ಸುದ್ದಿ, ಹೋಟೆಲಿನವನ ಸುದ್ದಿ ಕೇಳಿದರು. ರೈಟರು ಹೇಗಿದ್ದಾರೆ ಎಂದು ಕೇಳಿದರು. ಕೆಲಸ ಬಿಟ್ಟಿಲ್ಲ, ಅದೇ ಮನೆಯಲ್ಲಿದ್ದಾರೆ ಎಂದೆ. ತಲೆಯಾಡಿಸಿದರು.

ನಾನು ಠಾಣೆಯಲ್ಲಿ ಹೇಳದೆ ಉಳಿದದ್ದರ ಬಗ್ಗೆ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ಬೇರೇನೂ ತೋಚದೆ, ಸ್ಕೂಟರಿನ ಮುಂದಿನ ಬ್ರೇಕು ಸಡಿಲವಾಗಿದೆ, ಕೇಬಲ್ ಸ್ವಲ್ಪ ಬಿಗಿ ಮಾಡಿ ಕೊಡಿ ಎಂದೆ.

ಅವರು ಹ್ಯಾಂಡಲಿನ ಕಡೆ ನೋಡಿದರು. ಕೈ ಆ ಕಡೆ ಹೋಗಲಿಲ್ಲ. ಹೆಗಲ ಮೇಲಿದ್ದ ಬಟ್ಟೆ ತೆಗೆದು ಒಣಗಿದ ಕೈಗಳನ್ನೇ ಒರೆಸಿಕೊಂಡರು.

"ಪಂಕ್ಚರ್ ಇದ್ರೆ ಹೇಳಿ ಸಾರ್" ಎಂದರು. "ಬ್ರೇಕು ಆಲೂರಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಒಬ್ರು ಮಾಡ್ತಾರೆ. ಅವ್ರ ಹತ್ರ ತೋರ್ಸಿ."

ಟೀ ಲೋಟ ಕೆಳಗಿಟ್ಟು ನಾನು ಸ್ಕೂಟರ್ ಹತ್ತಿದೆ. ಅವರು ರಸ್ತೆಯವರೆಗೂ ಬಂದರು.

"ಅಲ್ಲಿ ತನಕ ಹಿಂದಿನ ಬ್ರೇಕ್‌ನಲ್ಲೇ ಹೋಗಿ. ಕೆರೆ ಏರಿ ದಾಟಿದ್ಮೇಲೆ ಇಳಿಜಾರೈತೆ, ಮುಂದಿಂದು ನೆಚ್ಕೋಬ್ಯಾಡಿ."